ಅಮೆರಿಕ ನೋಡಿ ಬಂದ ಗುಮಾಸ್ತ

ಟ್ರಾನ್ಸಿಲ್ವೇನಿಯಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಡ್ರಾಕುಲಾ. ಬೆಟ್ಟದ ಮೇಲೊಂದು ಕೋಟೆ, ಸುತ್ತ ಮಂಜು, ಒಳಗೆ ರಕ್ತ ಹೀರುವ ಜಮೀನ್ದಾರ. ಈ ಸಲ ನಾವು ಪರಿಚಯ ಮಾಡಿಕೊಡ್ತಿರೋದು ಅದೇ ಸೀಮೆಯಲ್ಲಿ ನಿಜವಾಗಿಯೂ ಬಾಳಿ ಹೋದ ಒಬ್ಬರನ್ನ. ಅವರು ಯಾರ ರಕ್ತವನ್ನೂ ಹೀರಿದವರಲ್ಲ. ರೈತರ ರಕ್ತ ಹೀರುತ್ತಿದ್ದ ವ್ಯವಸ್ಥೆಯನ್ನು ಒಂದೇ ಒಂದು ಪ್ರವಾಸಕಥನದಿಂದ ಕೆಣಕಿದವರು.

ಹೆಸರು ಬೊಲೊನಿ ಫರ್ಕಾಶ್ ಶಾಂದೋರ್. ಹಂಗೇರಿಯನ್ನರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಕೊನೆಗೆ. ಬೊಲೊನಿ ಅಂದ್ರೆ ಬೊಲೊನ್ ಊರಿನವರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅಂತ ನಾವು ಊರನ್ನು ಮುಂದಿಟ್ಟು ಹೇಳ್ತೀವಲ್ಲ, ಹಾಗೆಯೇ. ಇನ್ನು ಫರ್ಕಾಶ್ ಅಂದ್ರೆ ಅವರ ಭಾಷೆಯಲ್ಲಿ ತೋಳ. ಹೆಸರು ತೋಳದ್ದಾದರೂ ಮನುಷ್ಯ ಸರ್ಕಾರಿ ಕಚೇರಿಯಲ್ಲಿ ಕಾಗದ ನಕಲು ಮಾಡುತ್ತಿದ್ದ ಗುಮಾಸ್ತ.

ಹುಟ್ಟಿದ್ದು 1795ರಲ್ಲಿ. ಸೇಕೆಯ್ ಅನ್ನುವ ಹಂಗೇರಿಯನ್ ಸಮುದಾಯದ ಚಿಕ್ಕ ಮನೆತನ. ಕುಲೀನರ ಪಟ್ಟಿಯಲ್ಲಿ ಹೆಸರೇನೋ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ಧರ್ಮದಲ್ಲಿ ಯೂನಿಟೇರಿಯನ್ನರು, ಅಂದರೆ ದೇವರು ಒಬ್ಬನೇ, ತ್ರಿಮೂರ್ತಿಯಲ್ಲ ಅಂತ ನಂಬುವ ಕ್ರೈಸ್ತರು. ಕ್ಯಾಥೊಲಿಕ್ ಚಕ್ರವರ್ತಿಯ ರಾಜ್ಯದಲ್ಲಿ ಇಂಥ ಪಂಗಡದವರಿಗೆ ದೊಡ್ಡ ಹುದ್ದೆಗಳ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಕೊಲೋಜ್ವಾರ್ ಪಟ್ಟಣದ ಯೂನಿಟೇರಿಯನ್ ಕಾಲೇಜಿನಲ್ಲಿ ಓದು, ಆಮೇಲೆ ಕಾನೂನಿನ ಅಭ್ಯಾಸ, ಕೊನೆಗೆ ಅದೇ ಪಟ್ಟಣದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಈಗ ಆ ಪಟ್ಟಣ ರೊಮೇನಿಯಾದಲ್ಲಿದೆ, ಹೆಸರು ಕ್ಲೂಜ್.

ಆ ಕಚೇರಿಯಿಂದ ಕಾಣುತ್ತಿದ್ದ ದೇಶ ಹೇಗಿತ್ತು ಅಂತ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಕಥೆಗೆ ಅರ್ಥವೇ ಇರಲ್ಲ. ಟ್ರಾನ್ಸಿಲ್ವೇನಿಯಾ ಆಗ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಕೈಕೆಳಗಿತ್ತು. ಹೆಸರಿಗೆ ಒಂದು ಶಾಸನಸಭೆ ಇತ್ತು. ಆದರೆ 1811ರಲ್ಲಿ ಸೇರಿದ್ದ ಸಭೆಯನ್ನು ಮತ್ತೆ ಕರೆದದ್ದು 1834ರಲ್ಲಿ! ಕುಲೀನರು ತೆರಿಗೆ ಕಟ್ಟುವಂತಿಲ್ಲ, ಅದು ಅವರ ಹುಟ್ಟಿನ ಹಕ್ಕು. ತೆರಿಗೆ ಹೊರುವವರು ಜೀತದ ರೈತರು. ಅವರು ವಾರದಲ್ಲಿ ಇಷ್ಟು ದಿನ ಅಂತ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಪುಸ್ತಕ ಅಚ್ಚಾಗಬೇಕಾದರೆ ಸೆನ್ಸಾರ್ ಅಧಿಕಾರಿಯ ಮುದ್ರೆ ಬೇಕು. ದೇಶ ಬಿಟ್ಟು ಹೊರಗೆ ಹೋಗಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಗಡಿಗಡಿಯಲ್ಲೂ ಕಾಗದ ತೋರಿಸಬೇಕು.

ಇಂಥ ಕಚೇರಿಯಲ್ಲಿ ವರ್ಷಗಟ್ಟಲೆ ಕೂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗುತ್ತೆ. ಯಾವ ಅರ್ಜಿ ಯಾವ ಮೇಜಿಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ ಅನ್ನೋದು. ನಾವು ಯಾವುದಾದರೂ ಸರ್ಕ್ಯೂಟ್ ಕೈಗೆ ಸಿಕ್ಕರೆ ಕರೆಂಟ್ ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ಹುಡುಕ್ತೀವಲ್ಲ, ಫರ್ಕಾಶರು ಅಧಿಕಾರ ಹರಿಯುವ ದಾರಿಯನ್ನು ಹಾಗೆ ನೋಡಲು ಕಲಿತಿದ್ದರು. ಬಿಡುವಿನಲ್ಲಿ ಜರ್ಮನ್ ಸಾಹಿತ್ಯ ಓದಿದರು, ಗಯಟೆ ಮತ್ತು ಷಿಲ್ಲರ್ ಕೃತಿಗಳನ್ನು ಹಂಗೇರಿಯನ್‌ಗೆ ತಂದರು. ಅದು ಹಂಗೇರಿಯನ್ ಭಾಷೆಗೆ ಹೊಸ ಪದಗಳನ್ನು ಕಟ್ಟುತ್ತಿದ್ದ ಕಾಲ. ಕಾಜಿನ್ಸಿ ಅನ್ನುವ ಹಿರಿಯ ಲೇಖಕರು ಆ ಕೆಲಸದ ಮುಂದಾಳು, ಫರ್ಕಾಶರಿಗೆ ಅವರ ಜೊತೆ ಪತ್ರವ್ಯವಹಾರ ಇತ್ತು. ಈ ಅನುವಾದದ ಅಭ್ಯಾಸ ಮುಂದೆ ಎಷ್ಟು ದೊಡ್ಡ ಕೆಲಸಕ್ಕೆ ಬಂತು ಅನ್ನೋದನ್ನ ಆಮೇಲೆ ನೋಡೋಣ.

1830ರ ಕೊನೆಗೆ ಅವಕಾಶ ಕೂಡಿಬಂತು. ಕೌಂಟ್ ಬೆಲ್ದಿ ಫೆರೆನ್ಸ್ ಅನ್ನುವ ಶ್ರೀಮಂತರು ಪಶ್ಚಿಮ ಯೂರೋಪಿನ ಪ್ರವಾಸಕ್ಕೆ ಹೊರಟಿದ್ದರು, ಫರ್ಕಾಶರು ಜೊತೆಗಾರರಾಗಿ ಹೊರಟರು. ಗುಮಾಸ್ತನ ಸಂಬಳದಲ್ಲಿ ಇದು ಕನಸಿನ ಮಾತು. ಹೊರಟ ಸಮಯ ಮಾತ್ರ ಭರ್ಜರಿ. ಪ್ಯಾರಿಸ್‌ನಲ್ಲಿ ಜುಲೈ ಕ್ರಾಂತಿ ನಡೆದು ಕೆಲವೇ ತಿಂಗಳಾಗಿತ್ತು, ಒಬ್ಬ ರಾಜ ಓಡಿಹೋಗಿ ಇನ್ನೊಬ್ಬ ಬಂದಿದ್ದ. ಇಂಗ್ಲೆಂಡಿನಲ್ಲಿ ಮತದಾನದ ಹಕ್ಕನ್ನು ವಿಸ್ತರಿಸಬೇಕೋ ಬೇಡವೋ ಅಂತ ಸಂಸತ್ತಿನ ಒಳಗೂ ಬೀದಿಯಲ್ಲೂ ಜಗಳ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಹಬೆಯ ರೈಲು ಶುರುವಾಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಇದನ್ನೆಲ್ಲ ದಾಟಿ 1831ರ ಬೇಸಿಗೆಯಲ್ಲಿ ಅವರು ಅಟ್ಲಾಂಟಿಕ್ ಸಾಗರಕ್ಕೆ ಇಳಿದರು. ಹಾಯಿಹಡಗಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲದ ಪ್ರಯಾಣ. ಸೆಪ್ಟೆಂಬರ್ 3ಕ್ಕೆ ನ್ಯೂಯಾರ್ಕ್.

ದಡಕ್ಕೆ ಕಾಲಿಟ್ಟಾಗಲೇ ಮೊದಲ ಆಶ್ಚರ್ಯ. ಪಾಸ್‌ಪೋರ್ಟ್ ತೋರಿಸಿ ಅಂತ ಯಾರೂ ಕೇಳಲಿಲ್ಲ. ಇವತ್ತು ಅದೇ ದೇಶದ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯೋ ನಮ್ಮ ಸೀನಿಯರ್‌ಗಳಿಗೆ ಇದನ್ನ ಹೇಳಿದರೆ ಅವರು ಅಳಬೇಕೋ ನಗಬೇಕೋ! ಆದರೆ ಪ್ರತಿ ಗಡಿಯಲ್ಲೂ ಕಾಗದ ಬಿಚ್ಚಿ ಮಡಚಿ ಬಂದಿದ್ದ ಫರ್ಕಾಶರಿಗೆ ಇದು ಬರೀ ಅನುಕೂಲದ ವಿಷಯ ಆಗಿರಲಿಲ್ಲ. ಸರ್ಕಾರ ತನ್ನ ನೆಲಕ್ಕೆ ಬಂದವನನ್ನು ಮೊದಲೇ ಅನುಮಾನಿಸದೆಯೂ ಬದುಕಬಲ್ಲದು ಅನ್ನೋದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಆಮೇಲೆ ಸುಮಾರು ಎಂಬತ್ತು ದಿನ ಸುತ್ತಾಟ. ಆಲ್ಬನಿ, ಬಾಸ್ಟನ್, ನಯಾಗರಾ, ಗಡಿಯಾಚೆಯ ಕೆನಡಾ, ಪಿಟ್ಸ್‌ಬರ್ಗ್, ಬಾಲ್ಟಿಮೋರ್, ವಾಷಿಂಗ್ಟನ್, ಫಿಲಡೆಲ್ಫಿಯಾ. ಕೆಲವೆಡೆ ಹಬೆದೋಣಿ, ಕೆಲವೆಡೆ ಕುದುರೆಗಾಡಿ. ಪ್ರವಾಸಿಗರು ಸಾಮಾನ್ಯವಾಗಿ ಜಲಪಾತ, ಅರಮನೆ, ಊಟ ಇವುಗಳ ಬಗ್ಗೆ ಬರೆಯುತ್ತಾರೆ. ಫರ್ಕಾಶರು ಜಲಪಾತವನ್ನೂ ನೋಡಿದರು, ಆದರೆ ಹುಡುಕಿಕೊಂಡು ಹೋದದ್ದು ಜೈಲು, ಶಾಲೆ, ಕಾರ್ಖಾನೆ, ಕೋರ್ಟು, ಚರ್ಚು. ಇದರ ಖರ್ಚು ಯಾರು ಕೊಡ್ತಾರೆ? ಯಾರು ಯಾರನ್ನು ಆರಿಸ್ತಾರೆ? ತಪ್ಪು ಮಾಡಿದ ಅಧಿಕಾರಿಯನ್ನು ಕೇಳೋರು ಯಾರು? ಗುಮಾಸ್ತನ ಪ್ರಶ್ನೆಗಳು ಅಂದ್ರೆ ಇವೇ.

ಜೈಲುಗಳ ವಿಷಯ ತಗೊಳ್ಳಿ. ಆಗ ಅಮೆರಿಕದಲ್ಲಿ ಎರಡು ಪದ್ಧತಿಗಳ ನಡುವೆ ಪೈಪೋಟಿ ಇತ್ತು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಪದ್ಧತಿಯಲ್ಲಿ ಕೈದಿಗಳು ಹಗಲು ಒಟ್ಟಿಗೆ, ಆದರೆ ತುಟಿ ಬಿಚ್ಚದೆ ದುಡಿಯಬೇಕು, ರಾತ್ರಿ ಒಂಟಿ ಕೋಣೆ. ಫಿಲಡೆಲ್ಫಿಯಾದ ಪದ್ಧತಿಯಲ್ಲಿ ಹಗಲೂ ರಾತ್ರಿಯೂ ಒಂಟಿ ಕೋಣೆಯೇ. ಇವತ್ತಿನ ಕಣ್ಣಿಗೆ ಎರಡೂ ಕ್ರೂರ. ಆದರೆ ಹೊಡೆತ, ಸರಪಳಿ, ನೇಣು ಇಷ್ಟನ್ನೇ ಶಿಕ್ಷೆ ಅಂದುಕೊಂಡಿದ್ದ ಯೂರೋಪಿನಿಂದ ಬಂದವರಿಗೆ, ಕೈದಿಯನ್ನು ತಿದ್ದಬಹುದು, ಅದಕ್ಕೆ ತಕ್ಕಂತೆ ಕಟ್ಟಡವನ್ನೇ ವಿನ್ಯಾಸ ಮಾಡಬಹುದು ಅನ್ನೋ ಯೋಚನೆಯೇ ಹೊಸದು.

ಆಲ್ಬನಿಯಿಂದ ಬಫಲೋವರೆಗೆ 363 ಮೈಲಿ ಉದ್ದದ ಈರಿ ಕಾಲುವೆ ಆಗಿನ್ನೂ ಹೊಸದು, 1825ರಲ್ಲಿ ಮುಗಿದಿತ್ತು. ಅದನ್ನು ಕಟ್ಟಿದ ಮುಖ್ಯ ಎಂಜಿನಿಯರ್‌ಗಳು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ, ಕೆಲಸ ಮಾಡ್ತಾ ಮಾಡ್ತಾ ಕಲಿತವರು. ಹಣ ರಾಜನ ಬೊಕ್ಕಸದಿಂದ ಬಂದದ್ದಲ್ಲ. ರಾಜ್ಯ ಸಾಲಪತ್ರ ಮಾರಿ ಹಣ ಎತ್ತಿತು, ಕಾಲುವೆಯ ಸುಂಕದಿಂದ ಸಾಲ ತೀರಿಸಿತು. ನಾವು ಕಾಲುವೆ ಅಂದ್ರೆ ಇಳಿಜಾರು, ಹರಿವು, ಬೀಗದ ಬಾಗಿಲುಗಳ ಲೆಕ್ಕ ಹಾಕ್ತೀವಿ. ಅದರ ಹಿಂದೆ ಒಂದು ಶಾಸನಸಭೆ, ಒಂದು ಲೆಕ್ಕಪುಸ್ತಕ, ನಂಬಿ ಸಾಲ ಕೊಟ್ಟ ಜನ ಇರ್ತಾರೆ. ಆ ಕಾಣದ ಭಾಗವೇ ಫರ್ಕಾಶರ ವಿಷಯ.

ಅವರು ವಿಚಿತ್ರ ಅನ್ನಿಸಿದ್ದನ್ನೂ ಬಿಡಲಿಲ್ಲ. ಶೇಕರ್ಸ್ ಅನ್ನುವ ಪಂಥದವರ ಊರಿಗೆ ಹೋದರು. ಅಲ್ಲಿ ಆಸ್ತಿ ಎಲ್ಲರದ್ದು, ಮದುವೆ ಇಲ್ಲ, ಪ್ರಾರ್ಥನೆ ಕುಣಿತದಲ್ಲಿ. ಪಿಟ್ಸ್‌ಬರ್ಗ್ ಹತ್ತಿರ ಎಕಾನಮಿ ಅನ್ನುವ ಊರಿನಲ್ಲಿ ಜರ್ಮನಿಯಿಂದ ಬಂದ ಇನ್ನೊಂದು ಸಮುದಾಯ ಹೀಗೇ ಒಟ್ಟಾಗಿ ದುಡಿದು ಹಂಚಿಕೊಂಡು ಬಾಳುತ್ತಿತ್ತು. ಸ್ವಂತ ಊರಿನಲ್ಲಿ ಧರ್ಮದ ಕಾರಣಕ್ಕೆ ಒಂದು ಮೆಟ್ಟಿಲು ಕೆಳಗೆ ನಿಂತು ಅಭ್ಯಾಸವಿದ್ದ ಯೂನಿಟೇರಿಯನ್ನರಿಗೆ ಇಲ್ಲಿ ಕಂಡದ್ದೇನು? ಸರ್ಕಾರಕ್ಕೆ ತನ್ನದೇ ಅಂತ ಒಂದು ಧರ್ಮ ಇಲ್ಲ, ಹಾಗಿದ್ದೂ ದೇಶ ಬಿದ್ದುಹೋಗಿಲ್ಲ. ಬಾಸ್ಟನ್ ಕಡೆಯಂತೂ ಅವರದೇ ಪಂಥದ ಜನ ಹಾರ್ವರ್ಡ್ ವಿಶ್ವವಿದ್ಯಾಲಯವನ್ನೇ ನಡೆಸುತ್ತಿದ್ದರು.

ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ಭೇಟಿಯೂ ಆಯ್ತು. ವಿಯೆನ್ನಾದ ಅರಮನೆಯ ಕಾವಲು, ದರ್ಬಾರಿನ ಬಟ್ಟೆ, ಬಗ್ಗಿ ನಮಸ್ಕರಿಸುವ ರೀತಿ ರಿವಾಜು ಇವೆಲ್ಲ ಗೊತ್ತಿದ್ದವರಿಗೆ ಇಲ್ಲಿ ಬಾಗಿಲಲ್ಲಿ ಸಿಪಾಯಿಗಳ ಸಾಲು ಇಲ್ಲ ಅನ್ನೋದೇ ಸುದ್ದಿ. ದೇಶದ ಮುಖ್ಯಸ್ಥ ಸಾದಾ ಉಡುಪಿನಲ್ಲಿ ಎದುರು ಬಂದು ಮಾತಾಡಿಸಿದ್ದು ಅವರ ಮನಸ್ಸಿನಲ್ಲಿ ಆಳವಾಗಿ ಕೂತಿತು.

ಇಲ್ಲೊಂದು ಕುತೂಹಲದ ಸಂಗತಿ. ಅದೇ 1831ರಲ್ಲಿ ಅಲೆಕ್ಸಿ ದ ಟಾಕ್ವಿಲ್ ಅನ್ನುವ ಇಪ್ಪತ್ತಾರರ ಫ್ರೆಂಚ್ ಯುವಕ ಜೈಲುಗಳ ಅಧ್ಯಯನಕ್ಕೆಂದು ಅಮೆರಿಕದಲ್ಲೇ ತಿರುಗುತ್ತಿದ್ದ. ಅವನ ಪುಸ್ತಕದ ಮೊದಲ ಭಾಗ ಬಂದದ್ದು 1835ರಲ್ಲಿ, ಇವತ್ತಿಗೂ ರಾಜಕೀಯಶಾಸ್ತ್ರ ಓದುವವರಿಗೆ ಅದು ಬೇಕೇ ಬೇಕು. ಫರ್ಕಾಶರ ಪುಸ್ತಕ ಬಂದದ್ದು ಅದಕ್ಕೂ ಒಂದು ವರ್ಷ ಮೊದಲು. ಒಂದು ಫ್ರೆಂಚ್‌ನಲ್ಲಿತ್ತು, ಜಗತ್ತು ಓದಿತು. ಇನ್ನೊಂದು ಹಂಗೇರಿಯನ್‌ನಲ್ಲಿತ್ತು, ಅದರ ಪೂರ್ತಿ ಇಂಗ್ಲಿಷ್ ಅನುವಾದಕ್ಕೆ 1970ರ ದಶಕದವರೆಗೆ ಕಾಯಬೇಕಾಯ್ತು. ಹಾಗಂತ ಫರ್ಕಾಶರು ಸೋತರು ಅಂತ ನಮಗೆ ಅನ್ನಿಸಲ್ಲ. ಟಾಕ್ವಿಲ್ ಪ್ರಜಾಪ್ರಭುತ್ವದ ಒಳಿತು ಕೆಡುಕು ಎರಡನ್ನೂ ತೂಗಿ ನೋಡಿದ ಚಿಂತಕ. ಫರ್ಕಾಶರಿಗೆ ಇದ್ದ ಅವಸರವೇ ಬೇರೆ. ಅವರ ಓದುಗರಿಗೆ ಅಂಥದ್ದೊಂದು ವ್ಯವಸ್ಥೆ ಭೂಮಿಯ ಮೇಲೆ ಇದೆ, ನಡೀತಾ ಇದೆ ಅನ್ನೋದನ್ನೇ ಮೊದಲು ನಂಬಿಸಬೇಕಿತ್ತು.

ಆ ಅವಸರದಲ್ಲಿ ಹೊಗಳಿಕೆ ಜಾಸ್ತಿಯಾಯಿತೇ? ಹೌದು, ಸ್ವಲ್ಪ ಆಯಿತು. ಅವರು ಸಮಾನತೆಯ ನಾಡು ಅಂತ ಮೆಚ್ಚಿದ ದೇಶದಲ್ಲಿ ಹೆಂಗಸರಿಗೆ ಮತವಿರಲಿಲ್ಲ. ಅವರನ್ನು ಸರಳವಾಗಿ ಬರಮಾಡಿಕೊಂಡ ಜಾಕ್ಸನ್ ಸ್ವತಃ ಗುಲಾಮರ ಒಡೆಯ. ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸುವ ಕಾನೂನಿಗೆ 1830ರಲ್ಲಿ ಸಹಿ ಹಾಕಿದವರೂ ಅವರೇ. ಫರ್ಕಾಶರು ಬಂದಿಳಿಯುವ ಕೆಲವೇ ದಿನ ಮೊದಲು ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನಾಯಕತ್ವದಲ್ಲಿ ಗುಲಾಮರು ದಂಗೆ ಎದ್ದಿದ್ದರು. ಅವರು ಇನ್ನೂ ಆ ದೇಶದಲ್ಲಿರುವಾಗಲೇ, ನವೆಂಬರ್ 11ರಂದು, ಟರ್ನರ್‌ನನ್ನು ನೇಣಿಗೆ ಹಾಕಿದರು. ಗುಲಾಮಗಿರಿಯನ್ನು ಫರ್ಕಾಶರು ನೋಡದೆ ಬಿಟ್ಟವರಲ್ಲ. ದಕ್ಷಿಣದ ಕಡೆ ಬಂದಾಗ ಅದು ಅವರ ಕಣ್ಣಿಗೆ ಚುಚ್ಚಿತು, ಸ್ವಾತಂತ್ರ್ಯದ ನಾಡಿಗೆ ಅಂಟಿದ ಕಳಂಕ ಅಂತಲೇ ಬರೆದರು. ಆದರೆ ಇಡೀ ಪುಸ್ತಕದ ತೂಕ ಮೆಚ್ಚುಗೆಯ ಕಡೆಗೇ ವಾಲಿದೆ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ನಾವೂ ಅದೇ ಅವಸರಕ್ಕೆ ಬಿದ್ದ ಹಾಗಾಗುತ್ತೆ.

ನವೆಂಬರ್ ಕೊನೆಗೆ ಅವರು ಅಮೆರಿಕ ಬಿಟ್ಟರು. ಮರಳಿ ಕೊಲೋಜ್ವಾರ್, ಮರಳಿ ಬರವಣಿಗೆಯ ಮೇಜು. ಈಗ ನಿಜವಾದ ತೊಂದರೆ ಶುರು. ಕಂಡದ್ದನ್ನು ಹೇಳೋದಕ್ಕೆ ಭಾಷೆ ಬೇಕಲ್ಲ! ಹಂಗೇರಿಯಲ್ಲಿ ಶತಮಾನಗಳಿಂದ ಕಾನೂನು, ಆಡಳಿತದ ಮಾತೆಲ್ಲ ಲ್ಯಾಟಿನ್‌ನಲ್ಲಿ, ವಿಯೆನ್ನಾದಿಂದ ಬರುವ ಮಾತು ಜರ್ಮನ್‌ನಲ್ಲಿ. ಹಂಗೇರಿಯನ್ ಮನೆಮಾತು, ಹಾಡಿನ ಮಾತು, ಆಗಷ್ಟೇ ಸಾಹಿತ್ಯದ ಮಾತು. ಜನರಿಂದಲೇ ಹುಟ್ಟುವ ಸರ್ಕಾರ, ಯಾರೂ ಕಿತ್ತುಕೊಳ್ಳಲಾಗದ ಹಕ್ಕು ಇಂಥದ್ದನ್ನು ಹಳ್ಳಿಯ ಮೇಷ್ಟರಿಗೂ ತಿಳಿಯುವ ಹಾಗೆ ಹೇಳಬೇಕಿತ್ತು. ಹಿಂದೆ ಮಾಡಿದ ಅನುವಾದಗಳ ಅಭ್ಯಾಸ ಈಗ ಕೈಹಿಡಿಯಿತು. ಅವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿಯಾಗಿ ಹಂಗೇರಿಯನ್‌ಗೆ ಅನುವಾದಿಸಿ ಪುಸ್ತಕದೊಳಗೆ ಸೇರಿಸಿದರು. ಒಂದು ರಾಜ್ಯದ ಸಂವಿಧಾನವನ್ನೂ ಸೇರಿಸಿದರು. ಹೊರಗೆ ನೋಡಿದರೆ ಪ್ರವಾಸಕಥನ, ಒಳಗೆ ರಾಜ್ಯಶಾಸ್ತ್ರದ ಪಠ್ಯ.

ಪುಸ್ತಕ 1834ರಲ್ಲಿ ಕೊಲೋಜ್ವಾರ್‌ನಲ್ಲಿ ಅಚ್ಚಾಯಿತು. ಹೆಸರು ಬಹಳ ಸಪ್ಪೆ: ಉತ್ತರ ಅಮೆರಿಕದಲ್ಲಿ ಪ್ರವಾಸ, ಅಷ್ಟೇ. ಸ್ಥಳೀಯ ಸೆನ್ಸಾರ್ ಕಣ್ಣಿನಿಂದ ಹೇಗೋ ಪಾರಾಯ್ತು. ಓದುಗರು ಮುಗಿಬಿದ್ದರು. ಸುಧಾರಣೆಯ ದೊಡ್ಡ ನಾಯಕ ಸೆಚೆನ್ಯಿ ಇಶ್ತ್ವಾನ್ ಬಹಳ ಸಂತೋಷಪಟ್ಟರು. ಹಂಗೇರಿಯನ್ ವಿದ್ವತ್ ಅಕಾಡೆಮಿ ತನ್ನ ದೊಡ್ಡ ಬಹುಮಾನ ಕೊಟ್ಟಿತು, ಸದಸ್ಯತ್ವವನ್ನೂ ಕೊಟ್ಟಿತು. 1835ರಲ್ಲಿ ಎರಡನೇ ಮುದ್ರಣ ಬಂತು. ಆಮೇಲೆ ವಿಯೆನ್ನಾಕ್ಕೆ ಎಚ್ಚರವಾಯಿತು, ಪುಸ್ತಕಕ್ಕೆ ನಿಷೇಧ ಬಿತ್ತು.

ಯಾಕೆ ನಿಷೇಧ? ಪುಸ್ತಕದಲ್ಲಿ ಚಕ್ರವರ್ತಿಯನ್ನು ಬೈದಿರಲಿಲ್ಲ, ದಂಗೆ ಏಳಿ ಅಂತ ಕರೆ ಕೊಟ್ಟಿರಲಿಲ್ಲ. ಅಲ್ಲಿ ಪತ್ರಿಕೆಗಳು ಇಷ್ಟಿವೆ, ರೈತನೂ ಓದ್ತಾನೆ, ತೆರಿಗೆ ಎಲ್ಲರೂ ಕಟ್ತಾರೆ, ಅಧಿಕಾರಿಯನ್ನು ಜನ ಆರಿಸ್ತಾರೆ ಅಂತ ವಿವರ ಕೊಟ್ಟಿದ್ದರು. ನಮ್ಮಲ್ಲಿ ಹಾಗಿಲ್ಲ ಅನ್ನೋ ಎರಡನೇ ವಾಕ್ಯವನ್ನು ಬರೆಯುವ ಅಗತ್ಯವೇ ಇರಲಿಲ್ಲ, ಓದುಗರು ಅದನ್ನು ತಾವೇ ಪೂರ್ತಿ ಮಾಡಿಕೊಳ್ಳುತ್ತಿದ್ದರು. ಬೈಗುಳವನ್ನು ಸರ್ಕಾರಗಳು ತಡೆದುಕೊಳ್ಳುತ್ತವೆ. ನಿಖರವಾದ ವಿವರಣೆಯನ್ನು ತಡೆದುಕೊಳ್ಳೋದು ಕಷ್ಟ. ಅದೇ 1834ರಲ್ಲಿ, ಇಪ್ಪತ್ತಮೂರು ವರ್ಷದ ನಂತರ, ಟ್ರಾನ್ಸಿಲ್ವೇನಿಯಾದ ಶಾಸನಸಭೆ ಸೇರಿತ್ತು. ಅಲ್ಲಿನ ಚರ್ಚೆಯನ್ನು ಜನರಿಗೆ ಮುಟ್ಟಿಸಲು ವೆಶ್ಶೆಲೇನ್ಯಿ ಅನ್ನುವ ನಾಯಕರು ಕಲ್ಲಚ್ಚಿನ ಯಂತ್ರ ತರಿಸಿ ವರದಿ ಅಚ್ಚು ಹಾಕಿಸಿದರೆ, ಸರ್ಕಾರ ಅವರ ಮೇಲೆ ಮೊಕದ್ದಮೆ ಹೂಡಿತು. 1835ರ ಶುರುವಿನಲ್ಲಿ ಸಭೆಯನ್ನೇ ಮುಚ್ಚಿತು. ಫರ್ಕಾಶರ ಪುಸ್ತಕ ಈ ಗಾಳಿಯಲ್ಲಿ ಹೊರಬಂದದ್ದು.

ಇನ್ನು ಮುಂದಿನ ಭಾಗ ನಮಗೆ ಪುಸ್ತಕಕ್ಕಿಂತ ಹೆಚ್ಚು ಇಷ್ಟ. ದೇಶದ ಕಾನೂನು ಬದಲಾಯಿಸುವ ಶಕ್ತಿ ಒಬ್ಬ ಗುಮಾಸ್ತನಿಗೆ ಇರಲ್ಲ. ಆದರೆ ಅಮೆರಿಕದಲ್ಲಿ ಅವರು ಗಮನಿಸಿದ್ದ ಒಂದು ಸಂಗತಿ ಇತ್ತು. ಅಲ್ಲಿ ಜನ ಏನಾದರೂ ಬೇಕು ಅಂದರೆ ಸರ್ಕಾರಕ್ಕೆ ಕಾಯದೆ ಸಂಘ ಕಟ್ಟಿಕೊಳ್ಳುತ್ತಾರೆ. ಅದನ್ನು ಇಲ್ಲೂ ಮಾಡಬಹುದಲ್ಲ! ಕೊಲೋಜ್ವಾರ್‌ನಲ್ಲಿ ಕ್ಯಾಸಿನೋ ಶುರು ಮಾಡಿದವರಲ್ಲಿ ಅವರೂ ಒಬ್ಬರು. ಕ್ಯಾಸಿನೋ ಅಂದ ತಕ್ಷಣ ಗೋವಾ ನೆನಪು ಮಾಡ್ಕೋಬೇಡಿ. ಆಗಿನ ಹಂಗೇರಿಯಲ್ಲಿ ಅದು ಪತ್ರಿಕೆ ಓದುವ, ಚರ್ಚೆ ಮಾಡುವ ಕ್ಲಬ್ಬು. ಜನ ಸ್ವಲ್ಪ ಸ್ವಲ್ಪ ಹಣ ಕೂಡಿಡುವ ಒಂದು ಉಳಿತಾಯ ಸಂಘ ಕಟ್ಟಲು ಓಡಾಡಿದರು. ಕತ್ತಿವರಸೆ ಕಲಿಸುವ ಶಾಲೆಯನ್ನೂ ಕಟ್ಟಿದರು, ಅಲ್ಲಿ ಯುವಕರು ಒಟ್ಟು ಸೇರುವ ಜಾಗವೂ ಆಯಿತು. ನಿಯಮಾವಳಿ ಬರೆಯೋದು, ಲೆಕ್ಕ ಇಡೋದು, ಸಭೆ ನಡೆಸೋದು, ಸಹಿ ಹಾಕಿಸಿಕೊಳ್ಳೋದು. ಕಾಲೇಜಿನಲ್ಲಿ ಒಂದು ಕ್ಲಬ್ ನಡೆಸಿದವರಿಗೆ ಇದು ಎಷ್ಟು ತಲೆನೋವಿನ ಕೆಲಸ ಅಂತ ಗೊತ್ತು. ಕಚೇರಿಯ ಕೆಲಸ, ಸಂಘಗಳ ಕೆಲಸ, ಇದರ ಮಧ್ಯೆ ಕ್ಷಯರೋಗ. 1842ರಲ್ಲಿ ಅವರು ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ. ಕೊಲೋಜ್ವಾರ್‌ನ ಹಾಜೊಂಗಾರ್ದ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರು ತೆರೆದ ದಾರಿಯಲ್ಲಿ ಬೇರೆಯವರೂ ನಡೆದರು. ಸೆಮೆರೆ ಬರ್ತಲಾನ್ ಪಶ್ಚಿಮ ಯೂರೋಪನ್ನು ಸುತ್ತಿ 1840ರಲ್ಲಿ ತಮ್ಮ ಪ್ರವಾಸಕಥನ ತಂದರು, 1849ರಲ್ಲಿ ಅವರೇ ಹಂಗೇರಿಯ ಪ್ರಧಾನಿಯಾದರು. ಹರಸ್ತಿ ಆಗೋಶ್ತೊನ್ ಅಮೆರಿಕದ ಬಗ್ಗೆ 1844ರಲ್ಲಿ ಬರೆದರು, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಬೆಳೆದು ಹೆಸರಾದರು. ಎಂಜಿನಿಯರಿಂಗ್ ಓದುವ ನಮಗೆ ಹತ್ತಿರದ ಉದಾಹರಣೆ ಸೆಚೆನ್ಯಿಯವರದ್ದು. 1832ರಲ್ಲಿ ಇಂಗ್ಲೆಂಡಿಗೆ ಹೋಗಿ ಸೇತುವೆಗಳನ್ನು ನೋಡಿ ಬಂದು ವರದಿ ಬರೆದರು. ಅವರು ತಂದದ್ದು ತೂಗುಸೇತುವೆಯ ತಂತ್ರಜ್ಞಾನ ಒಂದನ್ನೇ ಅಲ್ಲ, ಸೇತುವೆ ದಾಟುವವರೆಲ್ಲ ಸುಂಕ ಕೊಡಬೇಕು ಅನ್ನುವ ನಿಯಮವನ್ನೂ ಜೊತೆಗೆ ತಂದರು. 1836ರ ಕಾನೂನಿನ ಪ್ರಕಾರ ಬುಡಾ ಮತ್ತು ಪೆಸ್ಟ್ ನಡುವಿನ ಸರಪಳಿ ಸೇತುವೆಯಲ್ಲಿ ಕುಲೀನರೂ ಸುಂಕ ಕಟ್ಟಬೇಕಾಯ್ತು. ಡ್ಯಾನ್ಯೂಬ್ ನದಿಗೆ ಸೇತುವೆ ಬಿದ್ದದ್ದು 1849ರಲ್ಲಿ. ಕುಲೀನರ ತೆರಿಗೆ ವಿನಾಯಿತಿಯಲ್ಲಿ ಬಿರುಕು ಬಿದ್ದದ್ದು ಅದಕ್ಕೂ ಮೊದಲೇ, ಕಾಗದದ ಮೇಲೆ. 1848ರ ಕ್ರಾಂತಿಯಲ್ಲಿ ಆ ವಿನಾಯಿತಿಯೂ ಹೋಯಿತು, ರೈತರ ಜೀತವೂ ಹೋಯಿತು. ಅದನ್ನು ನೋಡಲು ಫರ್ಕಾಶರು ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಪ್ರತಿ ವರ್ಷ ಹಲವರು ಎಂ.ಎಸ್. ಮಾಡೋಕೆ ಹೊರದೇಶಕ್ಕೆ ಹೋಗ್ತಾರೆ, ಇನ್ನಷ್ಟು ಜನ ಇಲ್ಲೇ ಉಳೀತಾರೆ. ಹೋದವರಿಂದ ಫೋಟೋಗಳು ಬರ್ತವೆ. ಆ ಊರಿನ ಬಸ್ಸು ಸಮಯಕ್ಕೆ ಸರಿಯಾಗಿ ಬರೋದು ಹೇಗೆ, ಗ್ರಂಥಾಲಯದ ಖರ್ಚು ಯಾರು ಕೊಡ್ತಾರೆ, ರಸ್ತೆ ಗುಂಡಿ ಬಿದ್ದರೆ ಯಾರಿಗೆ ಬರೀಬೇಕು, ಬರೆದರೆ ಏನಾಗುತ್ತೆ, ಅಲ್ಲಿ ಯಾರಿಗೆ ಅನ್ಯಾಯ ಆಗ್ತಿದೆ, ಇದನ್ನೆಲ್ಲ ಕನ್ನಡದಲ್ಲಿ ಬರೆದು ಕಳಿಸೋರು ಕಡಿಮೆ. ಉಳಿದವರಿಗೂ ಕೆಲಸ ಇದೆ, ಒಂದು ಸಂಘದ ನಿಯಮಾವಳಿಯನ್ನು ಸರಿಯಾಗಿ ಬರೆದು ಸರಿಯಾಗಿ ನಡೆಸೋದು. ಫರ್ಕಾಶರು ಎರಡನ್ನೂ ಮಾಡಿದರು, ಗುಮಾಸ್ತನ ಸಂಬಳದಲ್ಲಿ. ಹೋಗುವವರು ಒಂದು ನೋಟ್‌ಬುಕ್ ಜೊತೆಗೆ ತಗೊಂಡು ಹೋಗಿ. ನೀವು ಬರೆದು ಕಳಿಸಿದರೆ ಅಚ್ಚು ಹಾಕೋಕೆ ನಾವಿದ್ದೀವಿ, ನಮ್ಮಲ್ಲಿ ಸೆನ್ಸಾರ್ ಇಲ್ಲ. ಕಾಗುಣಿತ ಮಾತ್ರ ತಿದ್ದುತ್ತೀವಿ.